ಕೀಲು ‘ಅರ್ಧ ಜಾರಿದೆ’ ಅನ್ನೋದಕ್ಕೆ ಸರಿಯಾದ ಮಾತು ಯಾವುದು?

ಗೆಳೆಯರೇ, ನಮಸ್ಕಾರ.

ಕಬಡ್ಡಿ ಆಡುವ ಹುಡುಗರಿಗಾಗಿ ಹೆಗಲಿನ ಪೆಟ್ಟುಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತಿದೆ.

ಕಾಲರ್ ಬೋನಿನ ಹೊರತುದಿ ಹೆಗಲ ಮೇಲೆ ರೆಕ್ಕೆಮೂಳೆಗೆ ಸೇರುವಲ್ಲಿ ಒಂದು ಪುಟ್ಟ ಕೀಲಿದೆ. ಹೆಗಲು ನೆಲಕ್ಕೆ ಬಡಿಯುವ ಹಾಗೆ ಬಿದ್ದರೆ ಪೆಟ್ಟು ತಿನ್ನುವುದು ಹೆಚ್ಚಾಗಿ ಇದೇ. ಬೈಕಿನಿಂದ ಬಿದ್ದವರಲ್ಲೂ ಇದು ಮಾಮೂಲು. ಕೀಲು ಪೂರ್ತಿ ಬಿಡದೆ ಅರ್ಧ ಜಾರಿದರೆ ಡಾಕ್ಟರು ಸಬ್‌ಲಕ್ಸೇಶನ್ ಅಂತಾರೆ. ನಾವು ಏನನ್ನೋಣ?

‘ಭುಜ ಜಾರಿದೆ’ ಅಂದರೆ ಕೆಲಸ ಕೆಡುತ್ತದೆ. ಅದನ್ನು ಕೇಳಿದವರು ತೋಳಿನ ಗುಂಡು ತುದಿ ಗುಳಿಯಿಂದ ಹೊರಬಂತು ಅಂತಲೇ ತಿಳಿಯುತ್ತಾರೆ. ಅದು ಬೇರೆಯದೇ ಕೀಲು. ಹರೆಯದಲ್ಲಿ ಒಮ್ಮೆ ಜಾರಿದರೆ ಮತ್ತೆ ಮತ್ತೆ ಜಾರುವ ಚಾಳಿ ಅದಕ್ಕಿದೆ. ನಾನು ಹೇಳುತ್ತಿರುವ ಕೀಲಿನ ಗೋಳು ಆ ಥರದ್ದಲ್ಲ.

‘ಉಳುಕು’ ಅಂದರೂ ಸಾಲದು. ಟಾಸಿ ಅನ್ನುವ ಡಾಕ್ಟರು ಮತ್ತು ಜೊತೆಗಾರರು 1963ರಲ್ಲಿ ಈ ಪೆಟ್ಟನ್ನು ಮೂರು ದರ್ಜೆ ಮಾಡಿದರು. ಮೊದಲನೆಯದು ಉಳುಕು, ಮೂರನೆಯದು ಪೂರ್ತಿ ಜಾರಿದ್ದು. ನಮ್ಮದು ನಡುವಿನದು: ಕೀಲಿನ ಸುತ್ತಲ ಕಟ್ಟು (ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಹರಿದಿರುತ್ತದೆ, ಆದರೆ ಮೂಳೆಯನ್ನು ಕೆಳಗಿನಿಂದ ಹಿಡಿದಿರುವ ಗಟ್ಟಿ ಕಟ್ಟು ಜಗ್ಗಿದರೂ ಬಿಟ್ಟಿರುವುದಿಲ್ಲ. 1984ರಲ್ಲಿ ರಾಕ್‌ವುಡ್ ಅನ್ನುವ ಮೂಳೆ ಡಾಕ್ಟರು ದರ್ಜೆಗಳನ್ನು ಆರಕ್ಕೆ ಏರಿಸಿದರು. ನಡುವಿನದು ಅಲ್ಲೂ ಎರಡನೆಯದಾಗಿಯೇ ಉಳಿಯಿತು.

ಹಳೆಯ ಪದ ಇಲ್ಲ ಅಂತಲ್ಲ. ಸುಶ್ರುತ ಸಂಹಿತೆಯಲ್ಲಿ ಕೀಲು ತಪ್ಪುವುದಕ್ಕೆ ‘ಸಂಧಿಮುಕ್ತ’ ಅಂತ ಹೆಸರು, ಅದರಲ್ಲಿ ಆರು ಬಗೆ. ಆ ಆರರಲ್ಲಿ ‘ವಿಶ್ಲಿಷ್ಟ’ ಅನ್ನುವುದು ನಮಗೆ ಬೇಕಾದ್ದಕ್ಕೆ ಹತ್ತಿರ: ಊತ ಕಡಿಮೆ, ನೋವು ಮಾತ್ರ ಬಿಡದು. ಚೆನ್ನಾಗಿದೆ, ಆದರೆ ಮ್ಯಾಟ್ ಮೇಲಿನ ಹುಡುಗನಿಗೆ ಇದನ್ನು ಹೇಳೋಕಾಗುತ್ತಾ? ಕಾಲರ್ ಬೋನಿಗೆ ‘ಜತ್ರು’ ಅನ್ನುವುದೂ ಅಷ್ಟೇ. ಆಯುರ್ವೇದ ಓದಿದವರ ಆಚೆ ಯಾರೂ ಬಳಸುವುದಿಲ್ಲ. ನಾನು ಸದ್ಯಕ್ಕೆ ‘ಅರೆಜಾರು’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ?

ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಇನ್ನೊಂದು. ವಾಸಿಯಾದ ಮೇಲೂ ಉಳಿಯುವ ತೊಂದರೆಗೆ ಪತ್ರಿಕೆಗಳಲ್ಲಿ ‘ಶಾಶ್ವತ ಪರಿಣಾಮ’ ಅಂತ ಬರೆಯುತ್ತಾರೆ. ಅದನ್ನು ಓದಿದ ಹುಡುಗ ಕೈಯೇ ಹೋಯಿತು ಅಂದುಕೊಳ್ಳುತ್ತಾನೆ. ನಿಜದಲ್ಲಿ ಈ ದರ್ಜೆಯ ಪೆಟ್ಟಿಗೆ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಒಂದೆರಡು ವಾರ ಕೈಯನ್ನು ಜೋಲಿಯಲ್ಲಿಟ್ಟು, ಆಮೇಲೆ ವ್ಯಾಯಾಮ ಮಾಡಿದರೆ ಹೆಚ್ಚಿನವರು ಮತ್ತೆ ಆಡುತ್ತಾರೆ. ಕೆಲವರಿಗೆ ಮಾತ್ರ ಒಂದಿಷ್ಟು ಉಳಿದುಬಿಡುತ್ತದೆ. ಹೆಗಲ ಮೇಲೆ ಸಣ್ಣ ಗುಬುಟು. ಕೈ ಎತ್ತಿದಾಗ ಕಟಕ್ ಅನ್ನುವ ಸದ್ದು. ಆ ಮಗ್ಗುಲಿಗೆ ಮಲಗಿದರೆ, ಇಲ್ಲವೇ ಕೈಯನ್ನು ಎದೆಗೆ ಅಡ್ಡ ತಂದು ಆಚೆ ಹೆಗಲು ಮುಟ್ಟಿದರೆ ಚಳುಕು. ವರ್ಷಗಳು ಕಳೆದ ಮೇಲೆ ಕೀಲು ಸವೆಯುವುದೂ ಉಂಟು. ಭಾರ ಎತ್ತುವವರಲ್ಲಿ ಮೂಳೆಯ ತುದಿಯೇ ಕರಗುತ್ತಾ ಬರಬಹುದು. ನೋವು ತಡೆಯಲಾಗದಿದ್ದರೆ ಆ ತುದಿಯನ್ನು ಸ್ವಲ್ಪ ಕತ್ತರಿಸಿ ತೆಗೆಯುತ್ತಾರೆ.

ಇವಿಷ್ಟಕ್ಕೂ ಸೇರಿ ‘ಉಳಿಕೆ ತೊಂದರೆ’ ಅನ್ನಬಹುದಾ? ‘ಉಳಿಕೆ’ ಅಂದರೆ ಬ್ಯಾಂಕಿನ ಲೆಕ್ಕ ನೆನಪಾಗುತ್ತದೆ ಅಂತ ಒಬ್ಬ ಗೆಳೆಯರ ತಕರಾರು. ನನಗೇನೂ ಹಾಗೆ ಅನ್ನಿಸಲಿಲ್ಲ.

ಗುಬುಟಿನ ಬಗ್ಗೆಯೂ ಒಂದು ಮಾತಿದೆ. ಜನ ‘ಮೂಳೆ ಎದ್ದಿದೆ’ ಅಂತಾರೆ. ಕಣ್ಣಿಗೆ ಕಾಣುವುದೂ ಹಾಗೇ. ಆದರೆ ಹೆಚ್ಚಿನ ಮಟ್ಟಿಗೆ ಮೂಳೆ ಮೇಲೇಳುವುದಲ್ಲ, ತೋಳಿನ ಭಾರಕ್ಕೆ ಹೆಗಲೇ ಕೆಳಗಿಳಿಯುವುದು. ‘ಎದ್ದಿದೆ’ ಅಂದರೆ ಅದನ್ನು ಒತ್ತಿ ಕೂರಿಸೋಣ ಅಂತ ಯಾರಾದರೂ ಕೈ ಹಾಕುತ್ತಾರೆ. ನಮ್ಮಲ್ಲಿ ‘ಪುತ್ತೂರು ಕಟ್ಟು’ ಬೋರ್ಡುಗಳಿಗೇನೂ ಕಡಿಮೆಯಿಲ್ಲ ಅಲ್ವಾ. ಹಾಗಾಗಿ ‘ಹೆಗಲು ಇಳಿದಿದೆ’ ಅಂತ ಬರೆಯುವುದೇ ಮೇಲು ಅಂತ ನನ್ನ ಲೆಕ್ಕ. ಆದರೆ ನಿಮ್ಮ ಕಡೆ ಈ ಮಾತಿಗೆ ಬೇರೆ ಅರ್ಥ ಇದ್ದರೆ ತಿಳಿಸಿ.

‘ಮೂಳೆ’ ಬದಲು ‘ಎಲುಬು’ ಅನ್ನುವ ಕಡೆಯವರು, ಮುಖ್ಯವಾಗಿ ಗರಡಿಯ ಒಡನಾಟ ಇರುವವರು, ಕೀಲು ಅರ್ಧ ಸರಿದಾಗ ಏನು ಹೇಳುತ್ತೀರಿ? ಉಸ್ತಾದರ ಬಾಯಲ್ಲಿ ಕೇಳಿದ ಮಾತಾದರೆ ಇನ್ನೂ ಒಳ್ಳೆಯದು. ಯಾವ ಊರಿನ ಬಳಕೆ ಅಂತಲೂ ಬರೆಯಿರಿ.