ಗುಂಡಿಗೆ ಇಳಿದರೆ ಡ್ಯಾಶ್‌ಬೋರ್ಡ್ ಆರುತ್ತದೆ: ಆಲ್ಟರ್ನೇಟರ್ ಬದಲಿಸಲೇ?

ಪ್ರಶ್ನೆ: 1999ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಂಜೆ ಮಳೆಯಲ್ಲಿ ಸಿಲ್ಕ್ ಬೋರ್ಡ್ ಬಳಿ ತೆವಳುವಾಗ ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಓಡುತ್ತಿದ್ದರೆ ಉಷ್ಣತೆಯ ಮುಳ್ಳು ಏಕಾಏಕಿ ಮೇಲೇರುತ್ತದೆ, ಇಂಡಿಕೇಟರ್ ತಡವರಿಸುತ್ತದೆ. ಚಕ್ರ ಗುಂಡಿಗೆ ಇಳಿದರೆ ಡ್ಯಾಶ್‌ಬೋರ್ಡ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ ಮಾತ್ರ ಕಾರು ಸಾಧುವಾಗಿ ನಿಲ್ಲುತ್ತದೆ. ಬ್ಯಾಟರಿ ಹೊಸದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಿ ಎನ್ನುತ್ತಿದ್ದಾರೆ. ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಅರ್ತ್ ವೈರ್‌ಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿದೆ, ಎಲ್ಲ ಕಡೆ ಬೀಪ್ ಬರುತ್ತದೆ.

ಉತ್ತರ: ಈಗಲೇ ದುಡ್ಡು ಸುರಿಯಬೇಡಿ ಸರ್. ಎಲ್ಲ ದೀಪ ಹಾಕಿ ಎಂಜಿನ್ ಓಡಿಸಿದಾಗಲೂ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಸಿಕ್ಕರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬೇಕಿಲ್ಲ. ನನಗೆ ಸುಳಿವು ಕೊಟ್ಟದ್ದು ಆ ಮುಳ್ಳು. ಹೆಡ್‌ಲೈಟ್ ಹಾಕಿದ ಕ್ಷಣಕ್ಕೆ ಎಂಜಿನ್ ಬಿಸಿಯೇರುವುದಿಲ್ಲ. ಹಲವು ಉಪಕರಣಗಳು ಹಂಚಿಕೊಂಡ ಅರ್ತ್ ಸಡಿಲವಾದಾಗ ಮೀಟರಿನ ಅಳತೆ ತಪ್ಪುತ್ತದೆ. ಆದರೂ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ಒಮ್ಮೆ ನೋಡಿಬಿಡಿ.

ಬೀಪನ್ನು ನಂಬಬೇಡಿ. ಆ ಪರೀಕ್ಷೆಯಲ್ಲಿ ಮಲ್ಟಿಮೀಟರ್ ಹರಿಸುವ ಕರೆಂಟ್ ತೀರಾ ಅತ್ಯಲ್ಪ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳಿಗೇ ಸುಮಾರು 9 ಆಂಪಿಯರ್ ಬೇಕು. ಅಡಕೆ ಮರದ ಸಂಕವನ್ನು ಒಬ್ಬ ದಾಟಿದನೆಂದು ಅದರ ಮೇಲೆ ತೇರು ಎಳೆಯಲಾಗುತ್ತದೆಯೇ?

ಹಾಗಾಗಿ ಭಾರ ಹಾಕಿಯೇ ಅಳೆಯಿರಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಎಂಜಿನ್ ಓಡಿಸಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲಿರಲಿ, ಕ್ಲಾಂಪಿನ ಮೇಲಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಲೋಹ, ಬಾಡಿ, ಕೊನೆಗೆ ಡ್ಯಾಶ್‌ಬೋರ್ಡ್ ಅಡಿಯ ಅರ್ತ್ ವೈರಿನ ಟರ್ಮಿನಲ್, ಹೀಗೆ ಒಂದೊಂದಕ್ಕೇ ಮುಟ್ಟಿಸಿ. 0.2 ವೋಲ್ಟ್ ದಾಟಿದ ಜಾಗದಲ್ಲಿ ವೈರನ್ನು ಕೈಯಿಂದ ಅಲುಗಾಡಿಸಿ ನೋಡಿ. ಗ್ಯಾರೇಜಿನಲ್ಲಿ ಗುಂಡಿ ಇರುವುದಿಲ್ಲ, ಆ ಕೆಲಸ ನಿಮ್ಮ ಕೈ ಮಾಡಬೇಕು.

ಪ್ರಶ್ನಿಸಿದವರು: ಚಾರ್ಜಿಂಗ್ 14.1. ಎಂಜಿನ್ 0.06, ಬಾಡಿ 0.09. ಚಾಲಕನ ಬಲಗಾಲಿನ ಪಕ್ಕದ ಟರ್ಮಿನಲ್ಲಿನಲ್ಲಿ 0.9, ಅಲುಗಾಡಿಸಿದರೆ 3ರವರೆಗೆ ಜಿಗಿಯುತ್ತದೆ! ಬೋಲ್ಟಿನ ಸುತ್ತ ಹಸಿರು ಪುಡಿ. ಕಾರ್ಪೆಟ್ ಎತ್ತಿದರೆ ಅಡಿಯಲ್ಲಿ ಒದ್ದೆ.

ಉತ್ತರ: ಸಿಕ್ಕಿತಲ್ಲ! ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಆ ಬೋಲ್ಟ್ ಬಿಚ್ಚಿ. ಹಸಿರು ಪುಡಿ ತಾಮ್ರದ ತುಕ್ಕು, ಅದು ವೈರಿನ ಹೊದಿಕೆಯೊಳಗೂ ನುಗ್ಗಿರುತ್ತದೆ. ಎಳೆಗಳು ಕಪ್ಪಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ರಿಂಗ್ ಟರ್ಮಿನಲ್ (ಬೋಲ್ಟಿಗೆ ಸಿಕ್ಕಿಸುವ ಬಳೆಯಂಥ ತುದಿ) ಹಾಕಿ, ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಇಕ್ಕಳದಿಂದ ಹಿಸುಕಿದರೆ ಸಾಲದು, ಕ್ರಿಂಪಿಂಗ್ ಟೂಲ್ ಬಳಸಿ. ಬಾಡಿಯ ಬಣ್ಣವನ್ನು ಮರಳು ಕಾಗದದಿಂದ ಕೆರೆದು, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ನೀರಿನ ದಾರಿ ಮುಚ್ಚದಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ. ಕಾರನ್ನು ಮರದಡಿ ನಿಲ್ಲಿಸುತ್ತೀರಾ? ಗುಲ್‌ಮೊಹರಿನ ಸಣ್ಣ ಎಲೆಗಳು ವೈಪರ್ ಬುಡದ ಜಾಲರಿಯೊಳಗೆ ಇಳಿದು ನೀರು ಹೋಗುವ ತೂತನ್ನು ಮುಚ್ಚುತ್ತವೆ. ಅಲ್ಲಿಗೆ ಒಂದು ಚೊಂಬು ನೀರು ಹುಯ್ಯಿರಿ. ಸರಾಗವಾಗಿ ನೆಲಕ್ಕೆ ಸುರಿಯಬೇಕು.

ಪ್ರಶ್ನಿಸಿದವರು: ಮರದಡಿಯೇ ನಿಲ್ಲುತ್ತದೆ. ಇಷ್ಟಾದರೂ ಡ್ಯಾಶ್‌ಬೋರ್ಡ್ ಆರಿದರೆ?

ಉತ್ತರ: ಆಗ ಇಗ್ನಿಷನ್ ಸ್ವಿಚ್ ನೋಡೋಣ. ಕೀ ಆನ್ ಇರುವಾಗ ಅದನ್ನು ಮೆಲ್ಲಗೆ ಅಲ್ಲಾಡಿಸಿ, ನಿಂತ ಕಾರಿನಲ್ಲಿ ಮಾತ್ರ. ದೀಪ ಮಿಣುಕಿದರೆ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿದೆ.