ಜರಿಹುಳದ ಹೆಸರಿನ ಗೊಂದಲ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ನಮಸ್ಕಾರ. ಎಂಎಸ್ಸಿ ಸೆಮಿನಾರ್‌ಗೆ ದಕ್ಷಿಣ ಅಮೆರಿಕದ ದೈತ್ಯ ಜರಿಹುಳ ಸ್ಕೊಲೊಪೆಂಡ್ರಾ ಗಿಗಾಂಟಿಯಾವನ್ನು ತಗೊಂಡಿದ್ದೇನೆ. ಅದರ ನೆಂಟ ಒಂದು ನಮ್ಮ ಲ್ಯಾಬಿನ ಸ್ಪಿರಿಟ್ ಬಾಟಲಿಯಲ್ಲಿದೆ. 21 ಜೊತೆ ಕಾಲು ಎಣಿಸಿದ್ದೂ ಆಯ್ತು. ಲೇಬಲ್ಲಿನ ಶಾಯಿ ಅಳಿಸಿ ಬರೀ ‘ಸ್ಕೊಲೊ’ ಉಳಿದಿದೆ, ಪಾಪ.

ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನ್ನೇಯಸ್ 1758ರಲ್ಲಿ ಗಿಗಾಂಟಿಯಾ ಅನ್ನೋ ಹೆಸರು ಕೊಟ್ಟ. ಅದು ಯಾವ ಹುಳಕ್ಕೆ ಸೇರಬೇಕು ಅನ್ನೋದನ್ನು ಗಟ್ಟಿ ಮಾಡಲು 2000ದಲ್ಲಿ ಶೆಲ್ಲಿ ಮತ್ತು ಕೈಸರ್ ಎಂಬ ಸಂಶೋಧಕರು, ಹೆಸರಿಗೆ ಆಧಾರವಾಗಿದ್ದ ಅಸಲಿ ಹುಳದ ಜಾಗಕ್ಕೆ ಬದಲಿ ಮಾದರಿಯೊಂದನ್ನು, ಅಂದರೆ ನಿಯೋಟೈಪ್, ಗೊತ್ತುಮಾಡಿದರು. ಇಲ್ಲಿವರೆಗೆ ಸರಿ. ಇಂಥ ಆಧಾರ ಮಾದರಿಗಳ ಬೇರೆ ಬಗೆಗಳಾದ ಹೋಲೋಟೈಪ್, ಸಿನ್‌ಟೈಪ್, ಲೆಕ್ಟೋಟೈಪ್ ವ್ಯತ್ಯಾಸವನ್ನೂ ಓದಿಕೊಂಡೆ. ಮೇಡಂ ಹತ್ರ ಕೇಳಿದ್ದಕ್ಕೆ ‘ಪ್ರಾಣಿ ನಾಮಕರಣದ ನಿಯಮಾವಳಿ ನೋಡಪ್ಪಾ’ ಅಂದರು. ನೋಡಿದೆ. ಥೇಟ್ ಕಾನೂನು ಪುಸ್ತಕ, ತಲೆಗೆ ಹತ್ತಲಿಲ್ಲ.

ಮಾದರಿ 2000ದಲ್ಲಿ ಗೊತ್ತುಮಾಡಿದ್ದು, ಆದರೂ ಹೆಸರಿನ ಜೊತೆ ‘ಲಿನ್ನೇಯಸ್, 1758’ ಅಂತಲೇ ಬರೀತಾರೆ. ಹೆಸರು ಮೊದಲು ಅಚ್ಚಾದ ವರ್ಷ ಅದು, ಅಲ್ವಾ? ಅದಿರಲಿ. ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ನಾಳೆ ಯಾವುದೋ ಮ್ಯೂಸಿಯಂ ಕಪಾಟಿನಲ್ಲಿ ಲಿನ್ನೇಯಸ್ ನೋಡಿದ್ದ ಅಸಲಿ ಹುಳವೇ ಸಿಕ್ಕರೆ, ನಿಯೋಟೈಪ್ ತಾನಾಗಿ ಬಿದ್ದುಹೋಗುತ್ತಾ? ಅಥವಾ ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಆಯೋಗವೇ ತೀರ್ಮಾನ ಕೊಡಬೇಕಾ? ಯಾವ ನಿಯಮ ನೋಡಬೇಕು ಅಂತ ಹೇಳಿದರೂ ಸಾಕು.