ಎಳ್ಳು, ಬೆಲ್ಲ ಮತ್ತು ವೈಜ್ಞಾನಿಕ ಕಾರಣ

“ಸಂಕ್ರಾಂತಿಗೆ ಎಳ್ಳು ಯಾಕೆ ತಿನ್ನುತ್ತೇವೆ, ಗೊತ್ತಾ?” ಸುಬ್ಬು ಮೊಬೈಲಿನಿಂದ ತಲೆ ಎತ್ತದೆ ಕೇಳಿದ.

“ತಟ್ಟೆಯಲ್ಲಿ ಇಟ್ಟು ಕೊಡುತ್ತಾರೆ, ಅದಕ್ಕೆ,” ಅಂದ ಗುಂಡಣ್ಣ.

“ಅಲ್ಲಯ್ಯಾ. ವೈಜ್ಞಾನಿಕ ಕಾರಣ ಇದೆ.”

ಚಂದ್ರು ನಿಟ್ಟುಸಿರು ಬಿಟ್ಟ. “ಬಂತು. ಇನ್ನೂ ಬರಲಿಲ್ಲವಲ್ಲ ಅಂದುಕೊಳ್ಳುತ್ತಿದ್ದೆ.”

ಪದ್ಮಕ್ಕನ ಮನೆಯಲ್ಲಿ ಜನವರಿ ಮೊದಲ ವಾರದ ಕಾಯಿದೆ ಒಂದೇ. ಹರಟೆಗೆ ಬಂದವರು ಕಡಲೆಬೀಜದ ಸಿಪ್ಪೆ ತೆಗೆಯಬೇಕು. ಹುರಿದ ಬೀಜವನ್ನು ಉಜ್ಜಿ, ಎರಡು ಹೋಳು ಮಾಡಿ, ನಡುವಿನ ಮೂಗು ಕಿತ್ತರೆ ಮಾತ್ರ ಕಾಫಿ. ಪದ್ಮಕ್ಕ ತಾವೇ ಅಡಕತ್ತರಿ ಹಿಡಿದು ಕೊಬ್ಬರಿ ಕತ್ತರಿಸುತ್ತಿದ್ದರು. ಆ ಕೆಲಸವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಬೆಲ್ಲದ ಚೂರಂತೂ ನಾವು ಮುಟ್ಟುವ ಹಾಗೇ ಇಲ್ಲ, ಗುಂಡಣ್ಣನ ದೆಸೆಯಿಂದ.

ಸುಬ್ಬು ಓದಿದ. “ಚಳಿಗಾಲದಲ್ಲಿ ಮೈ ಒಣಗುತ್ತದೆ. ಎಳ್ಳಿನಲ್ಲಿ ಎಣ್ಣೆ, ಬೆಲ್ಲದಲ್ಲಿ ಕಬ್ಬಿಣ, ಕಡಲೆಬೀಜದಲ್ಲಿ ಪ್ರೋಟೀನು. ನಮ್ಮ ಋಷಿಗಳು 5000 ವರ್ಷಗಳ ಹಿಂದೆಯೇ ಇದನ್ನೆಲ್ಲ ಕಂಡುಕೊಂಡಿದ್ದರು.”

“ಕಡಲೆಬೀಜಾನೂ?” ಚಂದ್ರು ಕೇಳಿದ.

“ಕಡಲೆಬೀಜಾನೂ.”

“ಅದು ದಕ್ಷಿಣ ಅಮೆರಿಕದ ಗಿಡ. ಪೋರ್ಚುಗೀಸರು ಹಡಗು ಹತ್ತಿ ಬಂದಮೇಲೆ ನಮ್ಮ ಕಡೆ ಕಂಡದ್ದು. ನಿನ್ನ ಋಷಿಗಳು ಅದಕ್ಕೆ ಮೊದಲೇ ಬ್ರೆಜಿಲ್‌ಗೆ ಹೋಗಿ ತಂದರಾ?”

“ತಂದಿರಬಹುದು. ಪುಷ್ಪಕ ವಿಮಾನ ಇತ್ತಲ್ಲ,” ಅಂದ ಗುಂಡಣ್ಣ. ಯಾರ ಪರ ಮಾತಾಡಿದ ಅಂತ ಯಾರಿಗೂ ಗೊತ್ತಾಗಲಿಲ್ಲ.

ಸುಬ್ಬು ಸೋಲುವವನಲ್ಲ. ಬೆರಳಲ್ಲಿ ಮೇಲೆ ತಳ್ಳಿದ. “ಹೋಗಲಿ, ಸೂರ್ಯನ ವಿಷಯ ಒಪ್ಪುತ್ತೀಯಲ್ಲ? ಜನವರಿ 14ಕ್ಕೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ. ಉತ್ತರಾಯಣ ಶುರು. ಭೀಷ್ಮ ಕಾದಿದ್ದು ಸುಮ್ನೆ ಅಲ್ಲ.”

“ಸೂರ್ಯ ಡಿಸೆಂಬರ್ 21, 22ಕ್ಕೇ ತಿರುಗಿ ಆಗಿರುತ್ತದೆ. ನಿನ್ನ ಮೆಸೇಜು ಬರುವ ಹೊತ್ತಿಗೆ ಅವನು ಮೂರು ವಾರದ ದಾರಿ ನಡೆದಿರುತ್ತಾನೆ.”

ಪದ್ಮಕ್ಕನ ಅಡಕತ್ತರಿ ನಿಂತಿತು. “ಹಾಗಾದರೆ ನಾವು ಹಬ್ಬ ಮಾಡುವುದು ತಪ್ಪು ದಿನವಾ?”

“ತಪ್ಪಲ್ಲ ಪದ್ಮಕ್ಕ. ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ ನಮ್ಮ ಸಂಕ್ರಾಂತಿ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು. ಆದರೆ ಭೂಮಿಯ ಅಕ್ಷ ನಿಲ್ಲಲಿರುವ ಬುಗುರಿಯ ಹಾಗೆ ನಿಧಾನವಾಗಿ ತೂಗುತ್ತದೆ. ಅದರಿಂದ 70 ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಹಬ್ಬ ಮುಂದೆ ಹೋಗುತ್ತಿದೆ. ವಿವೇಕಾನಂದರು ಹುಟ್ಟಿದ ದಿನ ಮಕರ ಸಂಕ್ರಾಂತಿ. ಅವತ್ತು 1863ರ ಜನವರಿ 12. ಈಗ ನಮಗೆ 14, ಇಲ್ಲವೇ 15.”

“2024ರಲ್ಲಿ 15 ಬಂದಿತ್ತು,” ಗುಂಡಣ್ಣ ಥಟ್ಟನೆ ಹೇಳಿದ. “ಸೋಮವಾರ. ಎರಡನೇ ಶನಿವಾರ, ಭಾನುವಾರ, ಸಂಕ್ರಾಂತಿ. ಮೂರು ದಿನ ರಜೆ! ಅಕ್ಷ ಇನ್ನೂ ಸ್ವಲ್ಪ ತೂಗಲಿ.”

“ತೂಗುತ್ತದೆ. ಇನ್ನು 5000 ವರ್ಷಕ್ಕೆ ಸಂಕ್ರಾಂತಿ ಮಾರ್ಚ್ ಕೊನೆಗೆ ಬರುತ್ತದೆ. ಆಗ ಸುಬ್ಬು ‘ಬೇಸಿಗೆಯಲ್ಲಿ ಎಳ್ಳು ತಿಂದರೆ ಮೈ ತಂಪು’ ಅಂತ ಕಳಿಸುತ್ತಾನೆ.”

“ಕಳಿಸೋದರಲ್ಲಿ ತಪ್ಪೇನು?” ಸುಬ್ಬು ರೇಗಿದ. “ನಮ್ಮ ಹಿರಿಯರಿಗೆ ಬುದ್ಧಿ ಇರಲಿಲ್ಲ ಅಂತೀಯಾ? ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಅವತ್ತು ಸಂಜೆ ಬಿಸಿಲು ನಂದಿಯ ಕೊಂಬಿನ ನಡುವೆ ಹಾದು ಲಿಂಗಕ್ಕೆ ಬೀಳುವುದಿಲ್ಲವಾ?”

“ಬೀಳುತ್ತದೆ. ಅದಕ್ಕೆ ಕೈ ಮುಗಿಯುತ್ತೇನೆ. ಬಿಸಿಲು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಿದ ಯಾರೋ ಮಾಡಿದ ಕೆಲಸ ಅದು. ಬೇರೆಯವರು ಕಳಿಸಿದ್ದನ್ನು ಓದದೆ ಮುಂದೆ ತಳ್ಳಿದವನ ಕೆಲಸ ಅಲ್ಲ.”

ಸುಬ್ಬು ಎರಡು ಬೀಜ ಬಾಯಿಗೆ ಹಾಕಿಕೊಂಡ. ಪದ್ಮಕ್ಕ ನೋಡಿಯೂ ನೋಡದವರಂತೆ ಇದ್ದರು. ಮಾತು ದನಗಳ ಕಡೆಗೆ ಹೊರಳಿತು.

“ಕಿಚ್ಚು ಹಾಯಿಸುವುದು?” ಸುಬ್ಬು ಮತ್ತೆ ಎದ್ದ. “ಹೊಗೆಗೆ ದನದ ಮೈಮೇಲಿನ ಉಣ್ಣೆ ಉದುರುತ್ತದೆ.”

“ಒಂದು ಕ್ಷಣ ಹಾರುವ ಎತ್ತಿನ ಮೈಯಿಂದ ಉದುರಬೇಕಾದರೆ ಉಣ್ಣೆಗೂ ಸಮಯಪ್ರಜ್ಞೆ ಇರಬೇಕು,” ಅಂದ ಚಂದ್ರು.

“ಮಂಡ್ಯದ ಹತ್ತಿರ ನಮ್ಮ ಊರಲ್ಲಿ ನಮ್ಮ ತಾತ ಮಾಡಿಸುತ್ತಿದ್ದರು,” ಪದ್ಮಕ್ಕ ಹೇಳಿದರು. “ಬೆಳಿಗ್ಗೆಯೇ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಟೇಪು, ಹಾರ ಎಲ್ಲ ಕಟ್ಟೋರು. ಸಂಜೆ ಹುಲ್ಲಿಗೆ ಬೆಂಕಿ. ಹಾರಿದಮೇಲೆ ಎತ್ತಿಗೆ ಪೊಂಗಲು. ತಾತ ಆಮೇಲೆ ಊಟ ಮಾಡೋರು. ಕಾರಣ ಕೇಳಿದ್ದರೆ ಎತ್ತಿನ ಹಗ್ಗದಲ್ಲೇ ಎರಡು ಬಿಗಿಯುತ್ತಿದ್ದರು.”

“ಆ ಏಟಿಗೂ ವೈಜ್ಞಾನಿಕ ಕಾರಣ ಇರುತ್ತದೆ. ರಕ್ತ ಸಂಚಾರ,” ಅಂದ ಚಂದ್ರು.

ಗುಂಡಣ್ಣ ಸಕ್ಕರೆ ಅಚ್ಚಿನ ಡಬ್ಬ ಹತ್ತಿರಕ್ಕೆ ಎಳೆದುಕೊಂಡ. ಗಿಣಿ, ಆನೆ, ತುಳಸಿಕಟ್ಟೆ. “ಇವಕ್ಕೆ ಏನಾದರೂ ಇದೆಯಾ ಸುಬ್ಬು?”

ಸುಬ್ಬು ಹುಡುಕಿದ. ಸಿಗಲಿಲ್ಲ.

“ನಾನು ಹೇಳುತ್ತೇನೆ, ಬರೆದುಕೋ,” ಅಂದ ಚಂದ್ರು. “ಗಿಣಿ ಅಚ್ಚನ್ನು ಕೊಕ್ಕಿನಿಂದ ತಿನ್ನಲು ಶುರುಮಾಡಿದರೆ ಮುಂದಿನ ಹಲ್ಲು ಗಟ್ಟಿಯಾಗುತ್ತವೆ. ಆನೆಯನ್ನು ಸೊಂಡಿಲಿನಿಂದ ತಿಂದರೆ ನೆನಪಿನ ಶಕ್ತಿ. ಕಡಲೆಬೀಜದ ಮೂಗು ಕೀಳುವಾಗ ಹೆಬ್ಬೆರಳಿನ ತುದಿಯ ನರ ಒತ್ತಿ ಮಂಡಿನೋವು ಹೋಗುತ್ತದೆ.”

“ನಿಜವಾಗಲೂ?” ಸುಬ್ಬುವಿನ ಬೆರಳು ಆಗಲೇ ಓಡುತ್ತಿತ್ತು.

ಪದ್ಮಕ್ಕ ನಕ್ಕರು. ನಗುತ್ತಲೇ ಒಂದು ಗಿಣಿಯನ್ನು ಎತ್ತಿಕೊಂಡರು. “ನಾವು ಲಂಗ ಹಾಕಿಕೊಂಡು ಎಳ್ಳು ಬೀರಲು ಹೋಗುತ್ತಿದ್ದೆವು. ಒಂದು ಸಲ ನಮ್ಮನೆಯಿಂದ ಹೋದ ಕೊಕ್ಕು ಮುರಿದ ಗಿಣಿ, ನಾಲ್ಕು ಮನೆ ಸುತ್ತಿ ಕತ್ತಲಾಗುವ ಹೊತ್ತಿಗೆ ನಮ್ಮನೆಗೇ ಬಂತು. ನಮ್ಮಮ್ಮ ಅದಕ್ಕೆ ಕುಂಕುಮ ಇಟ್ಟರು.”

“ಎದುರುಮನೆಯವರ ಜೊತೆ ಮಾತು ಬಿಟ್ಟಿದ್ದರೂ ಅವತ್ತು ಹೋಗಲೇಬೇಕಿತ್ತು ಅಲ್ವಾ?” ಚಂದ್ರು ಕೇಳಿದ.

“ಹೋಗಲೇಬೇಕು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ಮುಖ ಗಂಟಿಕ್ಕಿಕೊಂಡೇ ಹೇಳಿ ಬರುತ್ತಿದ್ದೆವು. ಈಗ ನಮ್ಮ ಸೊಸೆಯ ಅಪಾರ್ಟ್‌ಮೆಂಟಿಗೆ ಬಾಕ್ಸು ಬರುತ್ತದೆ. ಚೆನ್ನಾಗೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ತಂದ ಹುಡುಗ ಬಾಗಿಲಲ್ಲಿ ನಿಂತು...”

“ಎಳ್ಳು ಬೆಲ್ಲ ತಿಂದು ಒಟಿಪಿ ಹೇಳಿ ಅನ್ನುತ್ತಾನೆ,” ಅಂದ ಚಂದ್ರು.

ಎಲ್ಲರೂ ನಕ್ಕರು. ಪದ್ಮಕ್ಕ ಮಾತ್ರ ಅರ್ಧ ನಕ್ಕು, “ಇಷ್ಟೊಂದು ಕತ್ತರಿಸಿ ಗುಡ್ಡೆ ಹಾಕುತ್ತೇನೆ. ಯಾರ ಮನೆಗೆ ಬೀರುವುದು ಅಂತ ಲೆಕ್ಕ ಹಾಕಿದರೆ ಬೆರಳು ಉಳಿಯುತ್ತವೆ,” ಅಂದರು.

“ನಮ್ಮ ಮನೆಯನ್ನು ಎರಡು ಸಲ ಎಣಿಸಿ,” ಅಂದ ಗುಂಡಣ್ಣ.

ಅಷ್ಟರಲ್ಲಿ ಸುಬ್ಬುವಿನ ಮೊಬೈಲು ಕಿಣಿ ಅಂದಿತು. ನೋಡಿದವನ ಮುಖ ಅರಳಿತು. “ನೋಡು ಚಂದ್ರು, ನೀನು ಹೇಳಿದ್ದು ನಿಜವೇ! ನಮ್ಮ ಷಡ್ಡಕ ಕಳಿಸಿದ್ದಾನೆ. ಕಡಲೆಬೀಜದ ಮೂಗು ಕಿತ್ತರೆ ಮಂಡಿನೋವು ಮಾಯ. ಜಪಾನಿನ ವಿಜ್ಞಾನಿಗಳು ಒಪ್ಪಿದ್ದಾರಂತೆ.”

“ಅದು ಈಗ ನೀನೇ ಕಳಿಸಿದ್ದು ಕಣೋ!”

“ಇರಬಹುದು. ಆದರೆ ಜಪಾನಿನವರು ನನ್ನ ಮೆಸೇಜಿನಲ್ಲಿ ಇರಲಿಲ್ಲವಲ್ಲ?”

ಪದ್ಮಕ್ಕ ಒಳಗಿನಿಂದ ಇನ್ನೊಂದು ಮೊರ ತಂದು ಸುಬ್ಬುವಿನ ಮುಂದೆ ಇಟ್ಟರು. “ಆ ಜಪಾನಿನವರು ಯಾವಾಗ ಬರುತ್ತಾರೆ ಕೇಳಪ್ಪ. ಇನ್ನೂ ಎರಡು ಕೆಜಿ ಬೀಜ ಉಳಿದಿದೆ.”